ಹಸಿರು ಗೆರೆಯ ಐದು ಗಾಡಿಗಳು

ಯಾರ ಕಾರಿನ ಹಿಂದಿನ ಸೀಟಿನಲ್ಲಿ ಕೂತರೂ ನನ್ನ ಎಡಗೈ ತಾನಾಗಿಯೇ ಸೀಟಿನ ಸಂದಿಗೆ ಇಳಿಯುತ್ತದೆ. ಬೆಲ್ಟಿನ ಪಟ್ಟಿಯನ್ನೇ ಹಿಡಿದು ಕೆಳಗೆ ಹೋಗಿ, ಅದು ಗಾಡಿಯ ನೆಲಕ್ಕೆ ಸೇರುವ ಕಡೆ ಇರುವ ಬೋಲ್ಟನ್ನು ಬೆರಳಿನಿಂದ ತಡವಿ ನೋಡುತ್ತೇನೆ. ರಿಯಾದಿನ ಟ್ಯಾಕ್ಸಿಯವರು ಕನ್ನಡಿಯಲ್ಲಿ ಇದನ್ನು ಕಂಡು, ಪಾಪ ಏನೋ ಕಳೆದುಕೊಂಡಿದ್ದಾನೆ ಅಂದುಕೊಳ್ಳುತ್ತಾರೆ. ಒಬ್ಬ ಡ್ರೈವರ್ ಗಾಡಿಯನ್ನು ಪಕ್ಕಕ್ಕೆ ಹಾಕಿ, "ಕ್ಯಾ ಗಿರ್ ಗಯಾ, ಭಾಯಿ?" ಎಂದು ಕೇಳಿ, ಮೊಬೈಲಿನ ಟಾರ್ಚ್ ಹಾಕಿ ತಾನೂ ಬಗ್ಗಿ ಹುಡುಕಿದ. ಏನೂ ಬಿದ್ದಿಲ್ಲ ಎಂದು ಅವನನ್ನು ನಂಬಿಸಲು ನನಗೆ ಸಾಕುಬೇಕಾಯಿತು.

ಹೆಂಡತಿ ಮೊದಮೊದಲು ಸಿಡುಕುತ್ತಿದ್ದಳು. "ಎಂತ ಹುಡುಕುದು ಮಾರಾಯ್ರೇ, ಕಂಡವರ ಕಾರಿನಲ್ಲಿ? ಕೆಲಸ ಬಿಟ್ಟಾಯ್ತು, ಚಟ ಬಿಡ್ಲಿಲ್ಲ." ಹೌದು, ಹಳೆಯ ಕೆಲಸದ ಚಟ ಎಂದೇ ನಾನೂ ಹೇಳುತ್ತಿದ್ದೆ. ಚಟ ಎಂದರೆ ಯಾರೂ ಮುಂದೆ ಕೇಳುವುದಿಲ್ಲ, ಅದೊಂದು ಅನುಕೂಲ.

ಆ ಹಳೆಯ ಕೆಲಸದ ಕಾಲದಲ್ಲಿ ನಾವಿದ್ದದ್ದು ಸೌದಿಯ ಅಲ್ ಅಹ್ಸಾದಲ್ಲಿ. ಅವಳಿಗೆ ಅಲ್ಲಿನ ಹೊಫೂಫ್ ಪೇಟೆಯ ಒಂದು ಆಸ್ಪತ್ರೆಯಲ್ಲಿ ನರ್ಸ್ ಕೆಲಸ. ನನಗೆ ಪೇಟೆಯ ಹೊರಗೆ, ಖರ್ಜೂರದ ತೋಟಗಳು ಮುಗಿದು ಮರಳು ಶುರುವಾಗುವ ಕಡೆ ಕಟ್ಟಿದ್ದ ಒಂದು ಕಾರು ಫ್ಯಾಕ್ಟರಿಯಲ್ಲಿ ಇನ್ಸ್‌ಪೆಕ್ಟರ್ ಕೆಲಸ. ಬಿಡಿಭಾಗಗಳು ಹೊರದೇಶದಿಂದ ಮರದ ಪೆಟ್ಟಿಗೆಗಳಲ್ಲಿ ಬರುತ್ತಿದ್ದವು. ಅವನ್ನು ನಮ್ಮಲ್ಲಿ ಜೋಡಿಸಿ, ಒರೆಸಿ, ಈ ದೇಶದಲ್ಲೇ ತಯಾರಾದದ್ದು ಎಂಬ ಚೀಟಿ ಅಂಟಿಸಿ ಹೊರಗೆ ಬಿಡುತ್ತಿದ್ದರು. ಗೋಡೆಯ ಮೇಲೆ ಮೂರು ಭಾಷೆಗಳಲ್ಲಿ, ಗುಣಮಟ್ಟ ಎಲ್ಲರ ಹೊಣೆ ಎಂದು ದೊಡ್ಡದಾಗಿ ಬರೆದಿತ್ತು. ಅದನ್ನು ನೋಡಿದಾಗಲೆಲ್ಲ ನನಗೆ ಮೈ ಉರಿಯುತ್ತಿತ್ತು. ಎಲ್ಲರ ಹೊಣೆಯಾದರೆ ಸಂಜೆ ಆರರ ಮೇಲೆ ಫೋನ್ ಎತ್ತುವವರು ಯಾರು ಎಂದು ಕ್ಯಾಂಟೀನಿನಲ್ಲಿ ಕೂತು ಜೋರಾಗಿಯೇ ಕೇಳುತ್ತಿದ್ದೆ. ನಾನು ಬಹಳ ಕಟ್ಟುನಿಟ್ಟಿನ ಮನುಷ್ಯ ಎಂದು ನನಗೆ ನನ್ನ ಬಗ್ಗೆ ಭಾರೀ ಅಭಿಪ್ರಾಯವಿತ್ತು.

ಲೈನಿನ ಕೊನೆಯಲ್ಲಿ ಇಬ್ಬರು ಇನ್ಸ್‌ಪೆಕ್ಟರುಗಳು ಎದುರುಬದುರು ನಿಲ್ಲುತ್ತಿದ್ದೆವು. ಚಕ್ರ ಮತ್ತು ಬ್ರೇಕು ನನ್ನದು. ಸೀಟು ಮತ್ತು ಬೆಲ್ಟು ಬಂಟ್ವಾಳ ಕಡೆಯ ಬ್ಯಾರಿ ಮುಸ್ಲಿಮರೊಬ್ಬರದು. ನಾನು ಉಡುಪಿ ಕಡೆಯ ಕ್ಯಾಥೋಲಿಕ್. ನಮ್ಮ ಕರಾವಳಿಯಲ್ಲಿ ಕ್ರಿಸ್ತುವರನ್ನು ಪೊರ್ಬುಗಳು ಎನ್ನುವುದುಂಟು. ಹಾಗಾಗಿ ಅವರು ನನ್ನನ್ನು ಪೊರ್ಬುಗಳೇ ಎಂದು ಕರೆಯುತ್ತಿದ್ದರು, ನಾನು ಅವರನ್ನು ಬ್ಯಾರಿಗಳೇ ಎನ್ನುತ್ತಿದ್ದೆ. ಬೇರೆಯವರ ಬಾಯಲ್ಲಿ ಬಂದರೆ ಜಗಳವಾಗಬಹುದಾದ ಮಾತುಗಳು ನಮ್ಮಿಬ್ಬರ ನಡುವೆ ಸಲಿಗೆಯಾಗಿದ್ದವು. ಅವರು ನನಗಿಂತ ಮೂರು ವರ್ಷ ದೊಡ್ಡವರು, ಮಾತು ಕಡಿಮೆ. ನಾನು ಇಬ್ಬರ ಪಾಲಿನದನ್ನೂ ಆಡುತ್ತಿದ್ದೆ.

ಕೆಲಸ ಇಷ್ಟೇ. ಫಿಟ್ಟರ್ ಗಾಳಿಯ ಗನ್ನಿನಿಂದ ಬೋಲ್ಟನ್ನು ಬಿಗಿದಿರುತ್ತಾನೆ. ಅದು ಬೇಕಾದಷ್ಟು ಬಿಗಿಯಾಗಿದೆಯೇ ಎಂದು ನಾವು ಟಾರ್ಕ್ ರೆಂಚ್ ಹಾಕಿ ನೋಡಬೇಕು. ಅದೊಂದು ಉದ್ದ ಹಿಡಿಯ ಸ್ಪ್ಯಾನರ್. ಇಂತಿಷ್ಟು ಬಿಗಿ ಎಂದು ಮೊದಲೇ ತಿರುಗಿಸಿಟ್ಟರೆ, ಅಷ್ಟು ಬಿಗಿಯಾದಾಗ ಕೈಯಲ್ಲೇ 'ಟಿಕ್' ಅನ್ನುತ್ತದೆ. ಟಿಕ್ ಅಂದ ಮೇಲೆ ಬೋಲ್ಟಿನ ತಲೆಯಿಂದ ನೆಲದವರೆಗೆ ಬಣ್ಣದ ಪೆನ್ನಿನಿಂದ ಒಂದು ಗೆರೆ ಎಳೆಯಬೇಕು. ಮುಂದೆ ಬೋಲ್ಟ್ ಸಡಿಲವಾದರೆ ಗೆರೆ ತುಂಡಾಗಿ ಗೊತ್ತಾಗುತ್ತದೆ. ನನ್ನದು ಹಳದಿ ಗೆರೆ, ಅವರದು ಹಸಿರು. ಆಮೇಲೆ ಚೆಕ್ ಶೀಟಿನ ಮೇಲೆ ನಮ್ಮ ನಂಬರಿನ ಮೊಹರು ಒತ್ತಬೇಕು. ಕಟ್ಟಕಡೆಗೆ ಒಬ್ಬರು ಗಾಜಿನ ಮೂಲೆಯಲ್ಲಿ ಕಾಣುವ ಚಾಸಿ ನಂಬರಿನ ಕೊನೆಯ ನಾಲ್ಕು ಅಂಕಿ ಓದಬೇಕು, ಇನ್ನೊಬ್ಬರು ಶೀಟಿನಲ್ಲಿ ಅದನ್ನು ನೋಡಿ "ತಮಾಮ್" ಅನ್ನಬೇಕು. ಎಲ್ಲ ಸರಿ ಎಂದರ್ಥ. ದಿನಕ್ಕೆ ಎಷ್ಟು ಸಲ ತಮಾಮ್ ಅಂದಿದ್ದೇವೋ. ಮನೆಯಲ್ಲಿ ಹೆಂಡತಿ ಸಾರು ಹೇಗಿದೆ ಎಂದು ಕೇಳಿದರೂ ನನ್ನ ಬಾಯಲ್ಲಿ ಅದೇ ಬರುತ್ತಿತ್ತು.

ಮೊಹರನ್ನು ಯಾರಿಗೂ ಕೊಡಬಾರದು ಎಂಬುದು ನಿಯಮ. ಕೊಟ್ಟವನನ್ನೂ ತೆಗೆಯುತ್ತಾರೆ, ತೆಗೆದುಕೊಂಡವನನ್ನೂ ತೆಗೆಯುತ್ತಾರೆ. ಆದರೆ ರಂಜಾನಿನಲ್ಲಿ ಮುಸ್ಲಿಮರಿಗೆ ಕೆಲಸ ಆರೇ ಗಂಟೆ. ಬ್ಯಾರಿಗಳು ಎರಡು ಗಂಟೆಗೆ ಹೋಗಬೇಕು, ಲೈನು ನಾಲ್ಕರವರೆಗೆ ಓಡಬೇಕು. ಅವರ ಜಾಗಕ್ಕೆ ಬದಲಿ ಇನ್ಸ್‌ಪೆಕ್ಟರನ್ನು ಕೊಡುತ್ತೇವೆ ಎಂದು ಪ್ರತಿ ವರ್ಷ ಹೇಳುತ್ತಿದ್ದರು, ಪ್ರತಿ ವರ್ಷ ಕೊಡುತ್ತಿರಲಿಲ್ಲ. ಆ ಜಾಗಕ್ಕೆ ಕಂಪ್ಯೂಟರ್ ಅವರ ನಂಬರನ್ನು ಬಿಟ್ಟು ಬೇರೆಯದನ್ನು ಒಪ್ಪುತ್ತಲೂ ಇರಲಿಲ್ಲ. ಹಾಗಾಗಿ ನಮ್ಮ ನಡುವೆ ಒಂದು ಏರ್ಪಾಡು ತಾನಾಗಿ ಬಂದಿತ್ತು. ಅವರ ನೋಂಬಿನ ತಿಂಗಳಲ್ಲಿ ಎರಡರಿಂದ ನಾಲ್ಕರವರೆಗೆ ಅವರ ಮೊಹರು ಮತ್ತು ಹಸಿರು ಪೆನ್ನು ನನ್ನ ಜೇಬಿನಲ್ಲಿ. ಕ್ರಿಸ್ಮಸ್ ದಿನ ಆ ದೇಶದಲ್ಲಿ ರಜೆಯಿಲ್ಲ. ಆ ದಿನ ಮಧ್ಯಾಹ್ನ ನಾನು ಮನೆಗೆ ಹೋಗಲು ನನ್ನ ಮೊಹರು ಅವರ ಜೇಬಿನಲ್ಲಿ. ಸಂಜೆ ಅವರು ಅದನ್ನು ಮರಳಿಸಲು ಬಂದಾಗ ನನ್ನ ಹೆಂಡತಿ ಹಬ್ಬದ ತಿಂಡಿಗಳ ಕುಸ್ವಾರ್ ತಟ್ಟೆ ಮುಂದಿಡುತ್ತಿದ್ದಳು. ಅವರು ಉಳಿದ ಸಿಹಿಗಳನ್ನು ಬಿಟ್ಟು ಕಿಡಿಯೊ ಮಾತ್ರ ಆರಿಸಿ ತಿನ್ನುತ್ತಿದ್ದರು. ಅವರ ಮನೆಯ ನೋಂಬಿನ ಗಂಜಿ ಹಿಡಿಯಿರುವ ಸ್ಟೀಲಿನ ಪಾತ್ರೆಯಲ್ಲಿ ನಮ್ಮ ಮನೆಗೆ ಬರುತ್ತಿತ್ತು. ಇದರಲ್ಲಿ ತಪ್ಪಿದೆ ಎಂದು ನಮ್ಮಿಬ್ಬರಿಗೂ ಒಂದು ದಿನವೂ ಅನ್ನಿಸಲಿಲ್ಲ. ಒಳ್ಳೆಯತನ ಎಂದೇ ಅಂದುಕೊಂಡಿದ್ದೆವು.

ರಂಜಾನಿನ ಮೂರನೆಯ ವಾರದ ಒಂದು ಮಧ್ಯಾಹ್ನ. ಅವರು ಎರಡು ಗಂಟೆಗೆ ಮೊಹರು ಕೊಟ್ಟು, "ಗನ್ನಿಗೆ ಇವತ್ತು ಗಾಳಿ ಸಾಲುದಿಲ್ಲ ಪೊರ್ಬುಗಳೇ. ಬೆಳಿಗ್ಗೆ ಎರಡು ಗಾಡಿ ವಾಪಾಸ್ ಕಳಿಸಿದ್ದೇನೆ. ಒಂದೊಂದೂ ನೋಡಿ" ಎಂದು ಹೇಳಿ ಹೋದರು. ಅವರು ಹೇಳಿ ಹೋಗಿದ್ದರು, ಇದನ್ನು ನಾನು ಮರೆಯುವಂತಿಲ್ಲ. ಅವರು ಹೋದ ಹತ್ತು ನಿಮಿಷಕ್ಕೆ ಕ್ಯಾಲಿಬ್ರೇಷನ್ ಕೋಣೆಯವನು ಬಂದ. ರೆಂಚುಗಳು ಸರಿಯಾಗಿ ಟಿಕ್ ಅನ್ನುತ್ತವೆಯೇ ಎಂದು ಆಗಾಗ ಪರೀಕ್ಷಿಸಿ ಹೊಸ ದಿನಾಂಕದ ಸ್ಟಿಕ್ಕರ್ ಅಂಟಿಸುವುದು ಅವನ ಕೆಲಸ. ಬೆಲ್ಟಿನ ರೆಂಚಿನ ಗಡುವು ಅವತ್ತಿಗೆ ಮುಗಿಯುತ್ತಿತ್ತು. ಅರ್ಧ ಗಂಟೆಯಲ್ಲಿ ತರುತ್ತೇನೆ ಎಂದು ಅದನ್ನು ಹಿಡಿದುಕೊಂಡು ಹೋದ. ಮೂರಕ್ಕೆ ಅವನ ಆರು ಗಂಟೆಯೂ ಮುಗಿಯಿತು. ಅವನು ಕೋಣೆಗೆ ಬೀಗ ಹಾಕಿ, ರೆಂಚನ್ನು ಒಳಗೆ ಬಿಟ್ಟು ಮನೆಗೆ ನಡೆದ.

ನನ್ನ ಮುಂದೆ ಐದು ಬಿಳಿ ಗಾಡಿಗಳು ಬಂದು ನಿಂತವು. ಚಕ್ರಕ್ಕೆ ಹಾಕುವ ನನ್ನ ರೆಂಚು ಆ ಸಣ್ಣ ಬೋಲ್ಟಿಗೆ ಆಗುವುದಿಲ್ಲ. ತಲೆಯ ಮೇಲೆ ಕೆಂಪು ಹಗ್ಗ ತೂಗುತ್ತಿತ್ತು. ಅದನ್ನು ಎಳೆದರೆ ಇಡೀ ಲೈನು ನಿಲ್ಲುತ್ತದೆ. ಎಳೆಯುವ ಹಕ್ಕು ನನಗಿತ್ತು, ಎಳೆಯಬೇಕು ಎಂದು ತರಬೇತಿಯಲ್ಲಿ ಹೊಸಬರಿಗೆ ಕೂಗಿ ಕೂಗಿ ಹೇಳಿಕೊಟ್ಟವನೂ ನಾನೇ. ಎಳೆದರೆ ಮ್ಯಾನೇಜರ್ ಓಡಿಬರುತ್ತಾನೆ, ಇದು ಯಾರ ಜಾಗ, ಅವನೆಲ್ಲಿ, ಅವನ ಮೊಹರು ನಿನ್ನ ಕೈಗೆ ಹೇಗೆ ಬಂತು ಎನ್ನುತ್ತಾನೆ. ಬ್ಯಾರಿಗಳ ಕೆಲಸ ಹೋಗುತ್ತದೆ. ಅವರನ್ನು ಕಾಪಾಡಲು ಹಗ್ಗ ಎಳೆಯಲಿಲ್ಲ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡೆ. ಅದು ಅರ್ಧ ಮಾತ್ರ ನಿಜ. ಸೂಪರ್‌ವೈಸರ್ ಆ ಕಡೆಯಿಂದ "ಯಲ್ಲಾ, ಯಲ್ಲಾ" ಎಂದು ಚಪ್ಪಾಳೆ ತಟ್ಟಿ ಅವಸರಪಡಿಸುತ್ತಿದ್ದ, ನನಗೆ ಬೆನ್ನು ನೋಯುತ್ತಿತ್ತು, ನಾಲ್ಕರ ಬಸ್ಸು ತಪ್ಪಬಾರದು ಎಂದಿತ್ತು. ಉಳಿದರ್ಧ ಇದು.

ಮಾಮೂಲಿ ಸ್ಪ್ಯಾನರ್ ತೆಗೆದುಕೊಂಡೆ. ಒಂದೊಂದು ಬೋಲ್ಟಿಗೂ ಹಾಕಿ ಎಳೆದೆ, ಗಟ್ಟಿಯಿದ್ದಂತೆ ಕಂಡಿತು, ಹಸಿರು ಗೆರೆ ಎಳೆದೆ. ಮೊಹರು ಒತ್ತಿದೆ. ಅವರ ಬದಲು ನಾನೇ ನಂಬರ್ ಓದಿ ನಾನೇ ತಮಾಮ್ ಅಂದೆ. ಐದೂ ನಂಬರುಗಳನ್ನು ಪೆನ್ನಿನ ಡಬ್ಬಿಯ ರಟ್ಟು ಹರಿದು ಅದರ ಮೇಲೆ ಬರೆದುಕೊಂಡೆ. ಬೆಳಿಗ್ಗೆ ರೆಂಚು ಬಂದ ಕೂಡಲೇ ಯಾರ್ಡಿಗೆ ಹೋಗಿ ನೋಡಿಬಿಡುತ್ತೇನೆ ಎಂದು ಲೆಕ್ಕ. ಬೆಳಿಗ್ಗೆ ಯಾರ್ಡಿಗೆ ಹೋದಾಗ ಅಲ್ಲಿ ಎಣ್ಣೆಯ ಕಲೆಗಳು ಮಾತ್ರ ಇದ್ದವು. ಹಬ್ಬದ ಮುಂಚಿನ ಬೇಡಿಕೆ, ಟ್ರೈಲರ್ ಬೆಳಗಾಗುವ ಮೊದಲೇ ಬಂದು ಹೇರಿಕೊಂಡು ಹೋಗಿತ್ತು. ಆಗಲೂ ಹೇಳಬಹುದಿತ್ತು. ಒಂದು ಫೋನ್ ಮಾಡಿದ್ದರೆ ಟ್ರೈಲರ್ ದಾರಿಯಲ್ಲೇ ನಿಲ್ಲುತ್ತಿತ್ತು. ರಟ್ಟನ್ನು ಮಡಚಿ, ಆ ದೇಶದಲ್ಲಿರಲು ಕೊಡುವ ಇಕಾಮಾ ಪರವಾನಗಿ ಕಾರ್ಡಿನ ಕವರಿನಲ್ಲಿ ಇಟ್ಟುಕೊಂಡೆ. ಬ್ಯಾರಿಗಳು "ನಿನ್ನೆ ಎಂತ ತೊಂದರೆ ಆಗ್ಲಿಲ್ಲ ಅಲ್ವಾ?" ಎಂದು ಕೇಳಿದರು. ಇಲ್ಲ ಎಂದೆ.

ಎಂಟು ತಿಂಗಳು ಏನೂ ಆಗಲಿಲ್ಲ. ನಾನು ಮರೆತೇಬಿಟ್ಟಿದ್ದೆ ಎಂದು ಬರೆಯಲು ಕೈ ಹೋಗುತ್ತಿದೆ, ಆದರೆ ಅದು ಸುಳ್ಳು. ಮರೆತಿದ್ದರೆ ರಟ್ಟನ್ನು ಎಸೆಯುತ್ತಿದ್ದೆ.

ಡಿಸೆಂಬರಿನ ಮೊದಲ ವಾರ ದೇಶದ ಇನ್ನೊಂದು ತುದಿಯ ತಬೂಕಿನಿಂದ ಸುದ್ದಿ ಬಂತು. ನಮ್ಮ ಫ್ಯಾಕ್ಟರಿಯ ಒಂದು ಗಾಡಿ ಹೆದ್ದಾರಿಯಲ್ಲಿ ಮುಂದಿನ ಲಾರಿಗೆ ಬಡಿದಿತ್ತು. ಅಂಥ ದೊಡ್ಡ ಹೊಡೆತವಲ್ಲ. ಮುಂದೆ ಕೂತ ಇಬ್ಬರಿಗೆ ತರಚು ಗಾಯ. ಹಿಂದಿನ ಸೀಟಿನಲ್ಲಿದ್ದ ಅವರ ತಾಯಿ ಅಲ್ಲೇ ಹೋಗಿಬಿಟ್ಟಿದ್ದರು. ಬೆಲ್ಟು ಅವರ ಮೈಮೇಲೆಯೇ ಇತ್ತು, ಬೆಲ್ಟಿನ ಬುಡ ನೆಲದಿಂದ ಕಿತ್ತು ಬಂದಿತ್ತು. ವರದಿಯಲ್ಲಿ, ಪ್ರಯಾಣಿಕರು ಬೆಲ್ಟು ಧರಿಸಿದ್ದರು ಎಂಬ ಒಂದು ಸಾಲು ಇತ್ತು. ಆ ಸಾಲು ಈಗಲೂ ನನ್ನನ್ನು ಬಿಟ್ಟಿಲ್ಲ. ಆ ಅಜ್ಜಿ ತಾನು ಮಾಡಬೇಕಾದದ್ದನ್ನು ಮಾಡಿಯೇ ಕೂತಿದ್ದರು.

ಚಾಸಿ ನಂಬರಿನ ಕೊನೆಯ ನಾಲ್ಕು ಅಂಕಿ ಮೂರು, ಒಂದು, ಏಳು, ಎರಡು. ನಾನು ರಟ್ಟು ತೆಗೆದು ನೋಡಬೇಕಾದ ಅಗತ್ಯವೇ ಇರಲಿಲ್ಲ. ಆದರೂ ಟಾಯ್ಲೆಟ್ಟಿನ ಚಿಲಕ ಹಾಕಿಕೊಂಡು ತೆಗೆದು ನೋಡಿದೆ. ಎರಡನೆಯ ಸಾಲಿನಲ್ಲಿತ್ತು.

ಮೀಟಿಂಗಿಗೆ ಕರೆಯುವ ಮೊದಲು ಬ್ಯಾರಿಗಳು ನನ್ನನ್ನು ನೀರಿನ ಕೂಲರ್ ಹತ್ತಿರ ನಿಲ್ಲಿಸಿದರು. ಚೆಕ್ ಶೀಟಿನ ಪ್ರತಿ ಅವರ ಕೈಯಲ್ಲಿತ್ತು. ಸಮಯ ಮೂರೂವರೆ ಎಂದಿತ್ತು, ಅಂದರೆ ಅವರು ಮನೆಯಲ್ಲಿದ್ದ ಹೊತ್ತು.

"ಇದು ನೀವು ನೋಡಿದ ಗಾಡಿ" ಎಂದರು.

"ಹೌದು" ಎಂದೆ.

"ಒಂದೇ ಕೇಳುದು ಪೊರ್ಬುಗಳೇ. ರೆಂಚು ಟಿಕ್ ಹೇಳಿತ್ತಾ?"

ಅವರ ಕಣ್ಣಲ್ಲಿ ಸಂಶಯವೇನೂ ಇರಲಿಲ್ಲ. ಇಬ್ಬರೂ ಒಂದೇ ಕಡೆ ನಿಂತಿದ್ದೇವೆ, ಏನು ಹೇಳಬೇಕು ಎಂದು ತಿಳಿದುಕೊಳ್ಳುತ್ತಿದ್ದೇನೆ ಎಂಬ ಭಾವ. ನನ್ನ ಮಗಳು ಆ ವರ್ಷ ಹತ್ತನೆಯ ತರಗತಿ. ಕೆಲಸ ಹೋದರೆ ಇಕಾಮಾ ಹೋಗುತ್ತದೆ, ಇಕಾಮಾ ಹೋದರೆ ಪರೀಕ್ಷೆಯ ನಡುವೆ ಅವಳನ್ನು ಎಬ್ಬಿಸಿಕೊಂಡು ಊರಿಗೆ ಹೋಗಬೇಕು. ಅದಕ್ಕಿಂತ ಹೆಚ್ಚಾಗಿ ಜೈಲು ಕಣ್ಣಮುಂದೆ ಬಂತು. ನಾನು ಹೆದರಿದೆ. ಇದಕ್ಕೆ ಬೇರೆ ಯಾವ ಪದವನ್ನೂ ಹುಡುಕುವುದಿಲ್ಲ.

"ಹೇಳಿತ್ತು" ಎಂದೆ.

"ಹಾಗಾದ್ರೆ ಬೋಲ್ಟಿನದ್ದೇ ದೋಷ. ನೀವು ಸುಮ್ನೆ ಇರಿ. ಮೊಹರು ಕೊಟ್ಟದ್ದು ಗೊತ್ತಾದ್ರೆ ಇಬ್ಬರದ್ದೂ ಹೋಗ್ತದೆ. ಎರಡು ಮನೆಯ ಒಲೆ ಯಾಕೆ ಆರಬೇಕು" ಎಂದು ಶೀಟನ್ನು ಮಡಚಿ ಜೇಬಿಗಿಟ್ಟುಕೊಂಡರು.

ಮೀಟಿಂಗಿನ ಮೇಜಿನ ಮೇಲೆ ಪ್ಲಾಸ್ಟಿಕ್ ಚೀಲದಲ್ಲಿ ಆ ಬೋಲ್ಟು ಇತ್ತು. ಕೈಯಿಂದ ಕೈಗೆ ಹೋಯಿತು. ಅದರ ತಲೆಯ ಮೇಲೆ ಅರ್ಧ ಹಸಿರು ಗೆರೆ. ಇನ್ನರ್ಧ ತಬೂಕಿನಲ್ಲಿ, ಆ ಗಾಡಿಯ ನೆಲದ ಮೇಲೆ. ನಾನು ಎಡಗೈಯವನು, ನನ್ನ ಗೆರೆಗಳು ಎಡಕ್ಕೆ ವಾಲುತ್ತವೆ. ಬ್ಯಾರಿಗಳ ಗೆರೆ ಸ್ಕೇಲ್ ಇಟ್ಟು ಎಳೆದ ಹಾಗೆ ನೆಟ್ಟಗೆ. ಆ ಕೋಣೆಯಲ್ಲಿ ಗುಣಮಟ್ಟದ ಮೇಲೆ ಭಾಷಣ ಮಾಡುವ ಏಳು ಜನರಿದ್ದರು. ಅವರಲ್ಲಿ ಒಬ್ಬನಿಗಾದರೂ ಆ ಗೆರೆಯನ್ನು ಬೆಳಕಿಗೆ ಹಿಡಿದು ನೋಡಬೇಕು ಅನ್ನಿಸಲಿಲ್ಲ. ಕ್ಯಾಲಿಬ್ರೇಷನ್ ಕೋಣೆಯ ರಿಜಿಸ್ಟರಿನಲ್ಲಿ ರೆಂಚು ಯಾವಾಗ ಒಳಗೆ ಬಂತು, ಯಾವಾಗ ಹೊರಗೆ ಹೋಯಿತು ಎಂಬುದು ಬರೆದೇ ಇತ್ತು. ನಡೆದರೆ ಮೂವತ್ತು ಹೆಜ್ಜೆ. ಯಾರೂ ಹೋಗಲಿಲ್ಲ. ರಂಜಾನಿನಲ್ಲಿ ಎರಡಕ್ಕೇ ಹೋಗುವವರ ಮೊಹರು ಮೂರೂವರೆಗೆ ಹೇಗೆ ಬಿತ್ತು ಎಂದೂ ಯಾರೂ ಕೇಳಲಿಲ್ಲ. ಅವರಿಗೆ ಬೇಕಾಗಿದ್ದದ್ದು ಒಂದು ನಂಬರ್, ಶೀಟಿನ ಮೇಲೆ ಆ ನಂಬರ್ ಸಿಕ್ಕಿತ್ತು.

"ಮೊಹರು ನಿನ್ನದಾ?" ಎಂದು ಮ್ಯಾನೇಜರ್ ಕೇಳಿದ.

"ನನ್ನದು."

"ಗೆರೆ?"

ಬ್ಯಾರಿಗಳು ಚೀಲವನ್ನು ಎತ್ತಿ ಎಲ್ಲರಿಗಿಂತ ಹೆಚ್ಚು ಹೊತ್ತು ನೋಡಿದರು. ನನ್ನ ಕಡೆ ತಿರುಗಲಿಲ್ಲ. "ಗೆರೆಯೂ ನನ್ನದೇ. ಟಾರ್ಕ್ ಸರಿ ಇತ್ತು ಸರ್. ಬೋಲ್ಟಿನ ಥ್ರೆಡ್ ನೋಡಿ" ಎಂದರು.

ಅವರ ಮಾತಿನ ಮೊದಲರ್ಧವನ್ನು ಹಿಡಿದುಕೊಂಡು ಅವರನ್ನು ಕೆಲಸದಿಂದ ತೆಗೆದರು, ಎರಡನೆಯ ಅರ್ಧವನ್ನು ಹಿಡಿದುಕೊಂಡು ರಿಕಾಲ್ ಮಾಡಿದರು. ಆ ಬೋಲ್ಟು ಬಂದ ಪೆಟ್ಟಿಗೆಯ ನಂಬರ್ ಹುಡುಕಿ, ಅದೇ ಪೆಟ್ಟಿಗೆಯ ಬೋಲ್ಟು ಹಾಕಿದ ಗಾಡಿಗಳನ್ನೆಲ್ಲ ಷೋರೂಮುಗಳಿಗೆ ಕರೆಸಿ ಬೋಲ್ಟು ಬದಲಿಸಿದರು. ನಾನು ಆ ಪಟ್ಟಿಯನ್ನು ರಟ್ಟಿನ ಜೊತೆ ಹೋಲಿಸಿ ನೋಡಿದೆ. ಉಳಿದ ನಾಲ್ಕರಲ್ಲಿ ಒಂದೂ ಅದರಲ್ಲಿರಲಿಲ್ಲ. ಆ ನಾಲ್ಕಕ್ಕೆ ಬೇರೆ ಪೆಟ್ಟಿಗೆಯ ಬೋಲ್ಟು ಹೋಗಿತ್ತು. ಗಟ್ಟಿಮುಟ್ಟಾಗಿದ್ದ ನೂರಾರು ಬೋಲ್ಟುಗಳನ್ನು ಬಿಚ್ಚಿ ಹೊಸದು ಹಾಕಿದರು, ಸಡಿಲವಾಗಿದ್ದ ನಾಲ್ಕು ಹಾಗೇ ಉಳಿದವು. ಕಂಪನಿಯು ತ್ವರಿತ ಕ್ರಮ ಕೈಗೊಂಡಿದೆ ಎಂದು ನೋಟಿಸ್ ಬೋರ್ಡಿನಲ್ಲಿ ಹಾಕಿದ್ದರು. ಅದನ್ನು ಓದಿ ನಗು ಬಂತು.

ಬ್ಯಾರಿಗಳ ಪಾಸ್‌ಪೋರ್ಟಿಗೆ ದೇಶ ಬಿಟ್ಟು ಹೋಗುವ ಫೈನಲ್ ಎಕ್ಸಿಟ್ ಹೊಡೆದು ಡಿಸೆಂಬರ್ ಇಪ್ಪತ್ತರೊಳಗೆ ಕಳಿಸಿಬಿಟ್ಟರು. ಹೋಗುವ ಹಿಂದಿನ ದಿನ ಮನೆಗೆ ಬಂದಿದ್ದರು. ಕುಸ್ವಾರ್ ಇನ್ನೂ ಪೂರ್ತಿ ಆಗಿರಲಿಲ್ಲ, ಹೆಂಡತಿ ಕಿಡಿಯೊ ಮಾತ್ರ ಒಂದು ಡಬ್ಬಿಯಲ್ಲಿ ಕಟ್ಟಿಕೊಟ್ಟಳು. "ಈ ಸಲ ನಿಮ್ಮ ಹಬ್ಬಕ್ಕೆ ನನ್ನಿಂದ ಆಗುದಿಲ್ಲ ಪೊರ್ಬುಗಳೇ, ಬೇಜಾರು ಮಾಡ್ಬೇಡಿ" ಎಂದರು. ನನ್ನ ಜಾಗ ನೋಡಿಕೊಳ್ಳಲು ಆಗುವುದಿಲ್ಲವಲ್ಲ ಎಂದು ಅವರಿಗೆ ಸಂಕಟ. ಆಗ ಹೇಳಬೇಕಿತ್ತು. ಬಾಗಿಲ ತನಕ ಹೋದೆ, ಲಿಫ್ಟಿನ ತನಕ ಹೋದೆ, ಕೆಳಗೆ ಗಾಡಿಯ ತನಕ ಹೋದೆ. ಸಲಾಂ ಹೇಳಿ ಕೈ ಕುಲುಕಿ ಬಂದೆ. ಆ ಕ್ರಿಸ್ಮಸ್ ದಿನ ನಾಲ್ಕು ಗಂಟೆಯವರೆಗೆ ಲೈನಿನಲ್ಲಿ ನಿಂತಿದ್ದೆ.

ನಾನು ಅಲ್ಲಿ ಹೆಚ್ಚು ಕಾಲ ಇರಲಿಲ್ಲ. ಮಗಳ ಪರೀಕ್ಷೆ ಮುಗಿದ ಮೇಲೆ ಹೆಂಡತಿಗೆ ರಿಯಾದಿನ ದೊಡ್ಡ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿತು. ನಾನೂ ಕೆಲಸ ಬಿಟ್ಟು, ಒಂದು ಸಾಗಾಟದ ಕಂಪನಿಯಲ್ಲಿ ಗಾಡಿಗಳ ರಿಪೇರಿ ನೋಡಿಕೊಳ್ಳುವ ಕೆಲಸಕ್ಕೆ ಸೇರಿದೆ. ಮೊದಲ ಸಂಬಳದಲ್ಲಿ ಒಂದು ಸಣ್ಣ ಟಾರ್ಕ್ ರೆಂಚ್ ಕೊಂಡು ನನ್ನ ಕಾರಿನ ಡಿಕ್ಕಿಯಲ್ಲಿಟ್ಟೆ. ಬಿಳಿ ಗಾಡಿ, ನಮ್ಮ ಫ್ಯಾಕ್ಟರಿಯದು ಎಂದು ಕಂಡರೆ ಸಾಕು, ಗಾಜಿನ ಮೂಲೆಗೆ ಮೂತಿ ಇಟ್ಟು ನಂಬರ್ ನೋಡುತ್ತಿದ್ದೆ. ಮಾಲ್‌ಗಳ ಪಾರ್ಕಿಂಗಿನಲ್ಲಿ, ಪೆಟ್ರೋಲ್ ಬಂಕಿನಲ್ಲಿ, ಸಿಗ್ನಲ್ಲಿನಲ್ಲಿ ಸಹ. ಎರಡು ಸಲ ಸೆಕ್ಯೂರಿಟಿಯವರು ಹಿಡಿದು ವಿಚಾರಿಸಿದರು. ಮೊಬೈಲಿನಲ್ಲಿ ಯಾವುದಾದರೂ ಅಪಘಾತದ ಚಿತ್ರ ಬಂದರೆ ಮೊದಲು ಗಾಡಿಯ ಹಿಂಭಾಗ ದೊಡ್ಡದು ಮಾಡಿ ನೋಡುತ್ತಿದ್ದೆ. ಇಷ್ಟು ದೊಡ್ಡ ದೇಶದಲ್ಲಿ ನಾಲ್ಕು ಗಾಡಿಗಳನ್ನು ಹೀಗೆ ಹುಡುಕುವುದು ಹುಚ್ಚು ಎಂದು ಗೊತ್ತಿತ್ತು. ಒಂದು ಕಾಗದ ಬರೆದರೆ ನಾಲ್ಕೂ ಒಂದು ವಾರದಲ್ಲಿ ಸಿಗುತ್ತವೆ ಎಂದೂ ಗೊತ್ತಿತ್ತು. ಹುಡುಕುತ್ತಿದ್ದರೆ ಬರೆಯಬೇಕಾಗಿಲ್ಲವಲ್ಲ, ನನ್ನ ಜಾಣತನ ಅಲ್ಲಿತ್ತು.

ಈ ವರ್ಷ ಚಳಿ ಕಳೆಯುವ ಹೊತ್ತಿಗೆ ಒಂದು ಸಿಕ್ಕಿತು. ಮಧ್ಯಾಹ್ನ ಹೆಂಡತಿಯ ಶಿಫ್ಟು ಮುಗಿಯಲೆಂದು ಆಸ್ಪತ್ರೆಯ ಪಾರ್ಕಿಂಗಿನಲ್ಲಿ ಕಾಯುತ್ತಿದ್ದೆ. ಎರಡು ಗಾಡಿ ಆಚೆ ಒಂದು ಬಿಳಿ ಕಾರು. ಅಭ್ಯಾಸಬಲದಿಂದ ಹೋಗಿ ಬಗ್ಗಿದೆ. ಮೂರು, ಒಂದು, ಆರು, ಎಂಟು. ರಟ್ಟಿನ ಮೊದಲ ಸಾಲು. ನನ್ನ ಕಾರಿನ ಡಿಕ್ಕಿಯಿಂದ ರೆಂಚು ತೆಗೆದು ತಂದು ಕಾದು ನಿಂತೆ.

ಸ್ವಲ್ಪ ಹೊತ್ತಿಗೆ ಗಾಡಿಯ ಯಜಮಾನರು ಬಂದರು. ವಯಸ್ಸಾದ ಸೌದಿ, ಹೆಂಡತಿಯನ್ನು ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬರುತ್ತಿದ್ದರು. ನನಗೆ ಬರುವ ಹರಕು ಅರಬ್ಬಿಯಲ್ಲಿ, ನಾನು ಈ ಗಾಡಿ ತಯಾರಾದ ಫ್ಯಾಕ್ಟರಿಯಲ್ಲಿದ್ದವನು, ಹಿಂದಿನ ಬೆಲ್ಟು ಒಮ್ಮೆ ನೋಡಲೇ ಎಂದೆ. ಆಕೆ ಯಾವಾಗಲೂ ಅಲ್ಲೇ ಕೂರುವುದು, ಮುಂದೆ ಕಾಲು ಚಾಚಲು ಆಗುವುದಿಲ್ಲ, ನೋಡು ಮಗನೇ ಎಂದರು.

ಸೀಟು ಎತ್ತಿದೆ. ಗೆರೆ ಅಲ್ಲೇ ಇತ್ತು. ನನ್ನದೇ, ಎಡಕ್ಕೆ ವಾಲಿದ ಹಸಿರು ಗೆರೆ. ತಲೆಯಿಂದ ನೆಲದವರೆಗೆ ಎಲ್ಲೂ ತುಂಡಾಗಿರಲಿಲ್ಲ. ಯಾರು ನೋಡಿದರೂ ಸರಿಯಾಗಿದೆ ಎಂದೇ ಹೇಳಬೇಕು. ರೆಂಚು ಹಾಕಿ ಎಳೆದೆ. ಟಿಕ್ ಅನ್ನಲಿಲ್ಲ. ಬೋಲ್ಟು ತಿರುಗುತ್ತ ಹೋಯಿತು. ಕಾಲು ಸುತ್ತು, ಅರ್ಧ ಸುತ್ತು, ಮುಕ್ಕಾಲು ಸುತ್ತು. ಒಂದು ಸುತ್ತಿನ ಹತ್ತಿರ ಬಂದ ಮೇಲೆ ಟಿಕ್ ಅಂದಿತು. ಎರಡು ವರ್ಷಕ್ಕೂ ಹೆಚ್ಚು ಕಾಲ ಆ ಹೆಂಗಸು ಅದರ ನಂಬಿಕೆಯ ಮೇಲೆ ಆಸ್ಪತ್ರೆಗೆ ಬಂದು ಹೋಗುತ್ತಿದ್ದರು.

ಆಕೆಯನ್ನು ಗಾಡಿಯೊಳಗೆ ಕೂರಿಸಲು ನಾನೂ ಕೈ ಕೊಟ್ಟೆ. ಬೆಲ್ಟು ಹಾಕಿದ್ದು ನಾನೇ. ಯಜಮಾನರು ಡ್ಯಾಷ್‌ಬೋರ್ಡಿನಿಂದ ಖರ್ಜೂರದ ಪೊಟ್ಟಣ ತೆಗೆದು ನನ್ನ ಕೈಗಿಟ್ಟು, ದೇವರು ನಿನ್ನ ಮಕ್ಕಳನ್ನು ಕಾಯಲಿ ಎಂದರು. ಪೊಟ್ಟಣದ ಮೇಲೆ ಅಲ್ ಅಹ್ಸಾ ಎಂದಿತ್ತು. ಅವರು ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಗಾಡಿ ಗೇಟು ದಾಟುವವರೆಗೂ ಅಲ್ಲೇ ನಿಂತಿದ್ದು, ನನ್ನ ಕಾರಿಗೆ ಬಂದು ಕೂತು ಬ್ಯಾರಿಗಳಿಗೆ ಫೋನ್ ಮಾಡಿದೆ.

ಹಬ್ಬಗಳಿಗೆ ನಾವು ಸಂದೇಶ ಕಳಿಸುತ್ತಿದ್ದೆವು, ದನಿ ಕೇಳಿ ಎರಡು ವರ್ಷವಾಗಿತ್ತು. ಅವರು ಬಂಟ್ವಾಳದಲ್ಲಿ ಶಾಲೆಯ ವ್ಯಾನ್ ಓಡಿಸುತ್ತಾರೆ. ಹಿಂದೆ ಮಕ್ಕಳ ಗದ್ದಲ ಕೇಳಿಸುತ್ತಿತ್ತು. "ಒಂದು ನಿಮಿಷ ಪೊರ್ಬುಗಳೇ, ಗಾಡಿ ಬದಿಗೆ ಹಾಕ್ತೇನೆ" ಎಂದರು.

"ಬ್ಯಾರಿಗಳೇ, ರೆಂಚು ಟಿಕ್ ಹೇಳಿರ್ಲಿಲ್ಲ" ಎಂದೆ.

ಅವರು ವ್ಯಾನಿನ ಎಂಜಿನ್ ಆರಿಸಿದ್ದು ಕೇಳಿಸಿತು. ಆಮೇಲೆ, "ಗೊತ್ತುಂಟು" ಎಂದರು.

"ಯಾವಾಗಿಂದ?"

"ಊರಿಗೆ ಬರುವ ವಿಮಾನದಲ್ಲಿ. ಬೆಲ್ಟು ಹಾಕ್ಕೊಳ್ಳುವಾಗ ನೆನಪಾಯ್ತು. ಆ ಗಾಡಿ ಲೈನಿನಿಂದ ಇಳಿದ ಮರುದಿನ ರೆಂಚಿಗೆ ಹೊಸ ಸ್ಟಿಕ್ಕರ್ ಇತ್ತು, ಕ್ಯಾಲಿಬ್ರೇಷನಿನವ ಬೆಳಿಗ್ಗೆ ತಂದು ಕೊಟ್ಟದ್ದು. ಹಾಗಾದ್ರೆ ಮಧ್ಯಾಹ್ನ ನಿಮ್ಮ ಕೈಯಲ್ಲಿ ರೆಂಚು ಎಲ್ಲಿತ್ತು?"

"ನೀವು ಯಾಕೆ ಕೇಳ್ಲಿಲ್ಲ ನನ್ನ ಹತ್ತಿರ?"

"ಕೇಳಿದ್ದೆನಲ್ಲ, ಕೂಲರ್ ಹತ್ತಿರ" ಎಂದರು. ಸಿಟ್ಟಿರಲಿಲ್ಲ ಅವರ ದನಿಯಲ್ಲಿ. "ಕಂಪನಿಗೆ ಬರೆದೆ. ಆ ದಿನ ಎರಡು ಗಂಟೆಯ ಮೇಲಿನ ಗಾಡಿಯೆಲ್ಲ ನೋಡಿ ಅಂತ. ಕೆಲಸ ಹೋದವನ ಮಾತು ಯಾರು ಕೇಳ್ತಾರೆ, ಉತ್ತರವೇ ಬರ್ಲಿಲ್ಲ. ನಿಮ್ಮ ಮಾತು ಬೇಕಿತ್ತು. ಇವತ್ತು ಹೇಳ್ತೀರಿ, ನಾಳೆ ಹೇಳ್ತೀರಿ ಅಂತ ಕಾಯ್ತಾ ಇದ್ದೆ."

ನಾನು ಅಳುತ್ತಿದ್ದೆ. ಕ್ಷಮಿಸಿ ಎಂದು ಶುರುಮಾಡಿದೆ, ಆ ಕ್ರಿಸ್ಮಸ್, ನಿಮ್ಮ ಕೆಲಸ, ಮಗಳ ಪರೀಕ್ಷೆ ಎಂದು ಏನೇನೋ ಹೇಳಿದೆ. ಅವರು ನಡುವೆ ತಡೆದರು. "ಅದೆಲ್ಲ ಆಮೇಲೆ ಪೊರ್ಬುಗಳೇ. ಎಷ್ಟು ಗಾಡಿ?"

"ಐದು. ಒಂದನ್ನು ಈಗ ಸರಿ ಮಾಡಿದೆ."

"ನಂಬರ್ ಉಂಟಾ?"

"ಉಂಟು."

"ಹೇಳಿ. ನೀವೂ ಬರೀರಿ, ನಿಮ್ಮ ಹೆಸರಿನಲ್ಲೇ ಬರೀರಿ. ನಾನೂ ಬರೀತೇನೆ. ಇಬ್ಬರ ಕಾಗದದಲ್ಲೂ ಒಂದೇ ನಂಬರ್ ಇರ್ಲಿ."

ಕಾಗದ ಮರುದಿನವೇ ಹೋಯಿತು, ಕಂಪನಿಗೂ ಸರ್ಕಾರದ ರಿಕಾಲ್ ಕಚೇರಿಗೂ. ಅಂದು ರಾತ್ರಿಯ ಊಟಕ್ಕೆ ಮೊದಲು ಹೆಂಡತಿಗೂ ಎಲ್ಲ ಹೇಳಿದೆ. ಉಳಿದ ಮೂರರಲ್ಲಿ ಎರಡು ಸಿಕ್ಕಿವೆ, ಎರಡರಲ್ಲೂ ಬೋಲ್ಟು ಸಡಿಲವಿತ್ತು ಎಂದು ಉತ್ತರ ಬಂದಿದೆ. ಒಂದು ಇನ್ನೂ ಎಲ್ಲೋ ಓಡಾಡುತ್ತಿದೆ. ನನ್ನ ಮೇಲೆ ಏನು ಕ್ರಮ ಎಂಬುದು ಇನ್ನೂ ಬಂದಿಲ್ಲ, ಬರಲಿ. ಆದರೆ ನನಗೆ ನೆನಪಾಗುವುದು ಕಾಗದವಲ್ಲ, ಆ ಫೋನಿನ ಕೊನೆ.

ರಟ್ಟನ್ನು ಸ್ಟೀರಿಂಗಿನ ಮೇಲಿಟ್ಟುಕೊಂಡು ನಾಲ್ಕು ನಂಬರುಗಳನ್ನು ಓದಿದೆ. ಅವರು ಬರೆದುಕೊಂಡು, ಲೈನಿನ ಕೊನೆಯಲ್ಲಿ ನಿಂತಿದ್ದಾಗಿನ ಹಾಗೆಯೇ ಒಂದೊಂದಾಗಿ ತಿರುಗಿ ಓದಿದರು. ಒಂದೊಂದಕ್ಕೂ ನಾನು "ತಮಾಮ್" ಎಂದೆ. ನಾಲ್ಕು ಮುಗಿಯಿತು. ಐದನೆಯದನ್ನು ನಾನು ಓದಿರಲಿಲ್ಲ, ಓದಬೇಕಾದ ಅಗತ್ಯವೂ ಇರಲಿಲ್ಲ. ಅವರೇ ಹೇಳಿದರು, ಬರೆದಿಟ್ಟದ್ದನ್ನು ನೋಡಿ ಓದುವ ದನಿಯಲ್ಲಿ ಅಲ್ಲ, ಮನೆಯವರ ಹೆಸರು ಹೇಳುವ ಹಾಗೆ.

"ಮೂರು, ಒಂದು, ಏಳು, ಎರಡು" ಎಂದು ಹೇಳಿ ಅವರು ಆ ಕಡೆ ಕಾದರು. ವ್ಯಾನಿನಲ್ಲಿ ಮಕ್ಕಳು ಗಲಾಟೆ ಮಾಡುತ್ತಿದ್ದರು. ನನಗೆ ತಮಾಮ್ ಎನ್ನಲು ಬಾಯಿ ಬರಲಿಲ್ಲ.